ಕಂಬಕ್ಕೆ ಕಟ್ಟಿದ ಟವೆಲ್

ನಮ್ಮನೆಯವರು ಹದಿನೆಂಟು ವರ್ಷ ನಡುಗಡ್ಡೆಯ ಹಕ್ಕಿಗಳನ್ನು ಕಾದರು. ಅದಕ್ಕೂ ಮುಂಚೆ ಅಲ್ಲಿಂದ ಮೊಟ್ಟೆ ಕದ್ದು ತರುತ್ತಿದ್ದವರೂ ಅವರೇ. ಮುಚ್ಚಿಟ್ಟು ಬರೆಯಲಾರೆ. ಆಗ ಊರಿಗೆ ಊರೇ ಬಕೆಟ್ ಹಿಡಿದು ಹೋಗುತ್ತಿತ್ತು. ಒಂದು ವರ್ಷ ಬರೀ ಹನ್ನೊಂದು ಗೂಡು ಉಳಿದವು. ಆಮೇಲೆ ಸರ್ಕಾರದವರು ಯಾರೂ ಕಾಲಿಡಬಾರದು ಅಂತ ಬೋರ್ಡು ನೆಟ್ಟರು. ಗೂಡಿನ ಜಾಗ ಇವರಷ್ಟು ಯಾರಿಗೂ ಗೊತ್ತಿರಲಿಲ್ಲ. ಇವರಿಗೇ ಕಾವಲು ಕೆಲಸ ಕೊಟ್ಟರು.

"ಮೊಟ್ಟೆ ತಿಂದೋನೇ ಈಗ ಮೊಟ್ಟೆಗಳಿಗೆ ಅಪ್ಪ ಆದ್ನಲ್ಲ" ಅಂತ ನಾದಿನಿ ನಗುತ್ತಿದ್ದಳು.

"ನೀನೇನು ಉಪವಾಸ ಇದ್ಯಾ?" ಅಂದರು ಇವರು.

ಹಕ್ಕಿಗಳು ಮರಿ ಮಾಡುವ ಮೂರು ತಿಂಗಳು ಇವರು ನಡುಗಡ್ಡೆಯಲ್ಲೇ ತಗಡಿನ ಗುಡಿಸಲಲ್ಲಿ ಇರುತ್ತಿದ್ದರು. ಆಗ ದೋಣಿಗೆ ಮೋಟಾರ್ ಹಾಕಬಾರದು, ಹುಟ್ಟು ಹಾಕಿಯೇ ಹೋಗಬೇಕು. ಸದ್ದಿಗೆ ಹಕ್ಕಿಗಳೆಲ್ಲ ಎದ್ದುಬಿಡುತ್ತವೆ, ಮೊಟ್ಟೆ ಕಾಗೆಗಳ ಪಾಲಾಗುತ್ತವೆ. ಇದು ಇವರೇ ಮಾಡಿದ ಕಟ್ಟುನಿಟ್ಟು. ಫೋನು ಅಲ್ಲಿ ಹಿಡಿಯುವುದಿಲ್ಲ. ಏನಾದರೂ ಬೇಕಾದರೆ ಗುಡಿಸಲ ಮುಂದಿನ ಕಂಬಕ್ಕೆ, ಈ ದಡಕ್ಕೆ ಕಾಣುವ ಹಾಗೆ, ಎತ್ತರದಲ್ಲಿ ಟವೆಲ್ ಕಟ್ಟುತ್ತಿದ್ದರು.

ಆವತ್ತು ಬೆಳಿಗ್ಗೆ ಟವೆಲ್ ಕಂಡಿತು. ಟೀ ಪುಡಿ ಮುಗಿದಿರಬೇಕು ಅಂದುಕೊಂಡೆ. ಪುಡಿ, ಸಕ್ಕರೆ ಪೊಟ್ಟಣ ಕಟ್ಟಿದೆ. ತಲೆ ಕೂಡ ಬಾಚಿಕೊಂಡೆ.

"ಅಕ್ಕಾ, ಟವೆಲ್ ಯಾಕೋ ಇಷ್ಟು ಕೆಳಗೆ ಕಟ್ಟಿದಾರೆ. ಮೋಟಾರ್ ಹಾಕ್ಲಾ?" ಅಂದ ದೋಣಿಯವನು.

"ಬೇಡಪ್ಪ. ಟೀ ಪುಡಿಗೆ ಮೋಟಾರ್ ಹಾಕ್ಕೊಂಡು ಹೋದ್ರೆ ನಿಮ್ ಭಾವ ನಮ್ಮಿಬ್ರನ್ನೂ ನೀರಿಗೆ ದಬ್ತಾರೆ."

ಮುಕ್ಕಾಲು ಗಂಟೆ ಹುಟ್ಟು ಹಾಕಿದ.

ಇವರು ಕಂಬಕ್ಕೆ ಒರಗಿ ಕೂತಿದ್ದರು. ಅಂಗಿ ಬೆವರಿಗೆ ಒದ್ದೆಮುದ್ದೆ. ಒಂದು ಮಾರು ದೂರದಲ್ಲಿ ಹಕ್ಕಿಯೊಂದು ಕಾವಿಗೆ ಕೂತಿತ್ತು, ಅಲ್ಲಾಡಲಿಲ್ಲ. "ಎದೆ" ಅಂದರು, ಅಷ್ಟೇ. ಕೈ ಮೇಲೆತ್ತಲು ಆಗಿರಲಿಲ್ಲ, ಅದಕ್ಕೇ ಟವೆಲ್ ಕೆಳಗಿತ್ತು.

ದೋಣಿಯಲ್ಲಿ ಮಲಗಿಸಿದೆವು. "ಹಾಕು ಮೋಟಾರ್" ಅಂದೆ. ಹಕ್ಕಿಗಳೆಲ್ಲ ಒಂದೇ ಸಲ ಎದ್ದವು, ಬಿಸಿಲೇ ಮರೆಯಾಯಿತು. ಇವರು ಕೈ ಸ್ವಲ್ಪ ಎತ್ತಿದರು. ಬೇಡ ಅನ್ನಲಿಕ್ಕೋ, ನನ್ನ ಕೈ ಹಿಡಿಯಲಿಕ್ಕೋ ಗೊತ್ತಾಗಲಿಲ್ಲ. ನಾನು ಹಿಡಿದುಕೊಂಡೆ. ದಡ ಮುಟ್ಟುವಷ್ಟರಲ್ಲಿ ಆ ಕೈಯಲ್ಲಿ ಹಿಡಿತ ಇರಲಿಲ್ಲ.

"ಅರ್ಧ ಗಂಟೆ ಮುಂಚೆ ತಂದಿದ್ರೆ ಉಳೀತಿದ್ರೇನೋ" ಅಂದರು ಡಾಕ್ಟರು.

ಈ ವರ್ಷ ಗೂಡು ನಾಲ್ಕು ಸಾವಿರ ದಾಟಿವೆಯಂತೆ. ಆಫೀಸಿನವರು ಬಂದು ಹೇಳಿ ಹೋದರು. ನಾನು ನೋಡಲು ಹೋಗಿಲ್ಲ. ಟೀ ಪುಡಿಯ ಪೊಟ್ಟಣ ಬಿಚ್ಚಿಲ್ಲ. ದೋಣಿಯವನು ದಿನವೂ ಬಾಗಿಲಿಗೆ ಬಂದು "ಏನಾದ್ರೂ ಬೇಕಾ ಅಕ್ಕಾ" ಅನ್ನುತ್ತಾನೆ. ಆವತ್ತಿನ ಮಾತು ಎತ್ತುವುದಿಲ್ಲ. ಒಂದು ಸಲ ನನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.