ಕುಗ್ಗಿಹೋದ ಗಂಟು

ಬೆಳಗಿನ ಆರು ಗಂಟೆ. ಪ್ಲೊವ್ದಿವ್ ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ರುಮ್ಯಾನಾ ಕೋಲೆವಾ ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕೂರುತ್ತಾರೆ. ಎದುರಿಗೆ ಒಬ್ಬ ಹೆಂಗಸಿನ ಎದೆಯ ಎರಡು ಸ್ಕ್ಯಾನ್: ಹೋದ ವರ್ಷದ್ದು, ನಿನ್ನೆಯದು. ನಿನ್ನೆ ಆಕೆ ಉಸಿರು ಜಾಸ್ತಿ ಎಳೆದುಕೊಂಡಿದ್ದಾಳೆ, ಶ್ವಾಸಕೋಶ ಹಿಗ್ಗಿದೆ. ಕಂಪ್ಯೂಟರ್ ಹೊಸ ಚಿತ್ರವನ್ನು ಅಲ್ಲಿ ಎಳೆದು, ಇಲ್ಲಿ ಕುಗ್ಗಿಸಿ, ಹಳೆಯದರ ಮೇಲೆ ತಾನೇ ಕೂರಿಸಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಇಷ್ಟು ಚೆಂದ ಕೂತ್ರೆ ನಂಗೆ ಎದೆ ಧಸಕ್ ಅನ್ನುತ್ತೆ," ಎನ್ನುತ್ತಾರೆ ಐವತ್ತೆಂಟರ ರುಮ್ಯಾನಾ.

ಈ ಜೋಡಣೆ ಸರಿಯೋ ತಪ್ಪೋ ನೋಡುವುದೇ ಅವರ ಕೆಲಸ. ರಕ್ತನಾಳ ಕವಲೊಡೆಯುವ ಕಡೆ ಎರಡೂ ಚಿತ್ರದಲ್ಲಿ ಚುಕ್ಕೆ ಇಟ್ಟು ತಾಳೆ ನೋಡಬೇಕು. ಜೋಡಿಗೆ ನಲವತ್ತು ಚುಕ್ಕೆ, ದಿನಕ್ಕೆ ಹದಿನಾಲ್ಕು ಜೋಡಿ, ಹನ್ನೊಂದು ವರ್ಷದಿಂದ. ವರದಿಗೆ ಸಹಿ ಮಾತ್ರ ವೈದ್ಯರದು. ಇಲ್ಲೊಂದು ಜೀವ ಕೂತಿದೆಯೆಂದು ಮೇಲಿನ ಮಹಡಿಯಲ್ಲಿ ಹೆಚ್ಚಿನವರಿಗೇ ಗೊತ್ತಿಲ್ಲ, ಇನ್ನು ರೋಗಿಗೆಲ್ಲಿಂದ ಗೊತ್ತಾಗಬೇಕು!

ನಾಲ್ಕು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಗಂಡ ಮಿಲ್ಚೊನ ಚಿತ್ರ ನೋಡಿದ್ದರು. ಬಸ್ ಓಡಿಸುತ್ತಿದ್ದ ಗಟ್ಟಿ ಆಳು, ಕೆಮ್ಮೊಂದು ಬಿಟ್ಟಿರಲಿಲ್ಲ. ಹಳೆಯ ಚಿತ್ರದಲ್ಲಿ ಕಡಲೆಕಾಳಿನಷ್ಟು ಗಂಟಿತ್ತು, ಹೊಸದರಲ್ಲಿ ಬೆಳೆದಿತ್ತು. ಕಂಪ್ಯೂಟರಿಗೆ ಉಸಿರಿನಿಂದ ಹಿಗ್ಗಿದ್ದೂ ಒಂದೇ, ರೋಗದಿಂದ ಬೆಳೆದದ್ದೂ ಒಂದೇ. ಗಂಟನ್ನೂ ಕುಗ್ಗಿಸಿ ಹಳೆಯ ಅಳತೆಗೆ ತಂದುಬಿಟ್ಟಿತು. ನಲವತ್ತು ಚುಕ್ಕೆಯೂ ತಾಳೆಯಾದವು. ಜೋಡಿಸುವ ಮೊದಲಿನ ಚಿತ್ರವನ್ನು ರುಮ್ಯಾನಾ ತೆರೆಯಲೇ ಇಲ್ಲ.

"ಏನೂ ಬದಲಾಗಿಲ್ಲ ಕಣೋ ಅಂತ ಫೋನ್ ಮಾಡ್ದೆ. 'ಹಂಗಾದ್ರೆ ಇವತ್ತು ಬಾನಿತ್ಸಾ ಮಾಡೇ, ಚೀಸ್ ಸ್ವಲ್ಪ ಕೈ ಬಿಚ್ಚಿ ಹಾಕು, ಜಿಪುಣಿ' ಅಂದ. ಮಾಡ್ದೆ. ಇಬ್ರೂ ತಿಂದ್ವಿ. ಏಳು ತಿಂಗಳಾದ್ಮೇಲೆ ಗೊತ್ತಾಯ್ತು. ಅಷ್ಟೊತ್ತಿಗೆ ಕೈ ಮೀರಿತ್ತು."

ಮಿಲ್ಚೊ ಹೋದಮೇಲೆ ಆ ಮನೆಯಲ್ಲಿ ಬಾನಿತ್ಸಾ ಬೆಂದಿಲ್ಲ. ಎಳೆಯದ, ಕುಗ್ಗಿಸದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಗಂಟನ್ನು ಅಳೆಯದೆ ರುಮ್ಯಾನಾ ಈಗ ಯಾವ ಜೋಡಿಗೂ 'ಸರಿ' ಎಂದು ಒತ್ತುವುದಿಲ್ಲ.

ವೈದ್ಯ ಯಾವೊರ್ ಬಾಗಿಲಲ್ಲಿ ಇಣುಕುತ್ತಾರೆ. "ಅಕ್ಕಾ, ಇನ್ನೂ ಆಗ್ಲಿಲ್ವಾ? ಆಯಮ್ಮನ್ನ ಒಂಬತ್ತಕ್ಕೆ ಮನೆಗೆ ಕಳಿಸ್ಬೇಕು. ವ್ಯತ್ಯಾಸ ಇಲ್ಲ ಅಂತ ಕಂಪ್ಯೂಟರೇ ಹೇಳ್ತಿದೆಯಲ್ಲ."

"ಅದಕ್ಕೇನಪ್ಪಾ, ಹೇಳುತ್ತೆ. ಬಾ ಇಲ್ಲಿ. ಈ ಗಂಟು ಹೋದ್ವರ್ಷ ಆರು ಮಿಲಿಮೀಟರ್. ನಿನ್ನೆ ಹತ್ತು."

ಯಾವೊರ್ ಬಗ್ಗಿ ನೋಡುತ್ತಾರೆ. "ಅಯ್ಯೋ, ಕಳಿಸ್ಬಿಡ್ತಿದ್ನಲ್ಲ!" ಎಂದವರೇ ಮೆಟ್ಟಿಲ ಕಡೆ ಓಡುತ್ತಾರೆ.

ಒಂದು ಜೀವ ಉಳಿಸಿದಿರಿ ಎಂದರೆ ರುಮ್ಯಾನಾ ಒಪ್ಪುವುದಿಲ್ಲ. "ಉಳಿಸೋದು ಮೇಲಿನೋರ ಕೆಲಸ. ನಾನು ಹೊತ್ತಿಗೆ ಸರಿಯಾಗಿ ಹೇಳ್ದೆ, ಅಷ್ಟೆ," ಎನ್ನುತ್ತ ಮುಂದಿನ ಜೋಡಿ ತೆರೆಯುತ್ತಾರೆ. ಕನ್ನಡಕ ಮತ್ತೆ ಒರೆಸಬೇಕಾಗುತ್ತದೆ.

"ಅವನಿಗೂ ಹೇಳ್ಬೇಕಾಗಿದ್ದೋಳು ನಾನೇ."