ಅಂಕಿತಕ್ಕೆ ಕಾದ ಕೈ

ಹಾಡಿದವರಿಗೆ ಸನ್ಮಾನವಾಗುತ್ತದೆ, ಹಾಡು ಕಟ್ಟಿದವರಿಗೆ ಶಾಲು ಸಿಗುತ್ತದೆ. ಒಂದು ಹಾಡು ಮುಗಿದು ಇನ್ನೊಂದು ತೊಡಗುವ ನಡುವೆ ಇರುವ ಉಸಿರಷ್ಟು ಜಾಗವನ್ನು ಕಾದವರಿಗೆ ಯಾರೂ ಹಾರ ಹಾಕಿದ್ದನ್ನು ಕಾಣೆವು. ಆ ಜಾಗದಲ್ಲಿ ಹದಿನೇಳು ವರ್ಷ ಬಾಳಿ ನಿವೃತ್ತರಾದವರು ಶ್ರೀ ಪಂಚಾಕ್ಷರಿಯವರು. ಅಂತರ್ಜಾಲದಿಂದ ಮೊಬೈಲಿಗೂ ಮನೆಯ ಸ್ಪೀಕರಿಗೂ ಹರಿದು ಬರುವ ಹಾಡುಗಳು ಒಂದಕ್ಕೊಂದು ಎಡವದೆ, ನಡುವೆ ಟಕ್ಕೆನ್ನದೆ ಕೂಡಿಕೊಳ್ಳುವಂತೆ ಮಾಡುವುದು ದೊಡ್ಡನೆಕ್ಕುಂದಿಯ ನಮ್ಮ ಕಂಪನಿಯಲ್ಲಿ ಅವರ ಪಾಲಿಗೆ ಬಂದ ಕೆಲಸ. ಕಸುಬಿನವರು ಅದನ್ನು ಕ್ರಾಸ್‌ಫೇಡ್ ಎನ್ನುತ್ತಾರೆ. ಪಂಚಾಕ್ಷರಿಯವರು ಕಡೆಯ ದಿನದವರೆಗೂ ‘ಬೆಸುಗೆ’ ಎಂದೇ ಅಂದರು.

ಅವರು ಹುಟ್ಟಿದ್ದು ಯಲಬುರ್ಗಾ ಸೀಮೆಯ ಹಳ್ಳಿಯೊಂದರಲ್ಲಿ. ಅಲ್ಲಿ ಶ್ರಾವಣದ ಕೊನೆಯ ಸೋಮವಾರ ಸೂರ್ಯ ಹುಟ್ಟಿದಾಗ ಹಿಡಿದ ಭಜನೆಯನ್ನು ಮರುದಿನ ಸೂರ್ಯ ಹುಟ್ಟುವವರೆಗೆ ಬಿಡುವಂತಿಲ್ಲ. ಒಂದು ಮೇಳ ದಣಿದರೆ ಇನ್ನೊಂದು ಮೇಳ ಬಂದು ಪಕ್ಕದಲ್ಲಿ ಕೂರುತ್ತದೆ. ಹಾಡುತ್ತಿರುವವರ ತಾಳದ ಮೇಲೆ ತಮ್ಮ ತಾಳ ಕೂಡಿಸುತ್ತದೆ. ಆಮೇಲೆ ಹಳಬರು ಮೆಲ್ಲಗೆ ಕೈ ತೆಗೆಯುತ್ತಾರೆ. ತಾಳ ನೆಲ ಮುಟ್ಟಕೂಡದು. ತಂದೆಯ ತೊಡೆಯ ಮೇಲೆ ಕುಳಿತು ಇದನ್ನು ಕಂಡ ಕೂಸಿನ ಕಿವಿ ಮುಂದೆ ಏನಾಗಬೇಕೋ ಅದೇ ಆಯಿತು.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಪೀಣ್ಯಕ್ಕೆ ಬಂದು ಟೇಪ್ ರೆಕಾರ್ಡರ್ ಜೋಡಿಸುವ ಕಾರ್ಖಾನೆಯಲ್ಲಿ ಬೆಸುಗೆಯ ಕಡ್ಡಿ ಹಿಡಿದರು. ಕ್ಯಾಸೆಟ್ಟಿನ ಕಾಲ ಸತ್ತಿತು, ಕಾರ್ಖಾನೆಗೂ ಬೀಗ ಬಿತ್ತು. ನಾಲ್ಕೈದು ವರ್ಷ ಮಾದನಾಯಕನಹಳ್ಳಿಯ ತಮ್ಮ ಮನೆಯ ಜಗಲಿಯಲ್ಲೇ ರೇಡಿಯೋ ರಿಪೇರಿ ಮಾಡಿಕೊಂಡಿದ್ದವರನ್ನು ನಮ್ಮ ಕಂಪನಿ ಕರೆದದ್ದು ಅವರ ಕಿವಿಯ ಸುದ್ದಿ ಕೇಳಿ.

ಆ ಕಿವಿಯ ಉಪಕಾರವನ್ನು ಉಂಡವರು ಹಲವರು. ಹೊಸದಾಗಿ ಸೇರಿದ್ದ ಶಾಂಭವಿಯ ಮೇಲೆ ಒಮ್ಮೆ ದೊಡ್ಡ ಅಪವಾದ ಬಂತು: ಆಕೆ ಬರೆದ ಪ್ರೋಗ್ರಾಮಿನಿಂದಲೇ ಹಾಡುಗಳ ನಡುವೆ ಎಡವಿದಂತೆ ಆಗುತ್ತಿದೆ ಎಂದು. ಪಂಚಾಕ್ಷರಿಯವರು ಎರಡು ದಿನ ಕೇಳುವ ಕೋಣೆಯಲ್ಲಿ ಕುಳಿತು ನಾನೂರು ಬೆಸುಗೆಗಳನ್ನು ಕೇಳಿದರು. ಹಾಡಿನ ಫೈಲನ್ನು ಕುಗ್ಗಿಸಿ ಚಿಕ್ಕದು ಮಾಡುವಾಗ ಅದರ ಎರಡು ತುದಿಗೂ ಕೂದಲೆಳೆಯಷ್ಟು ಮೌನ ಅಂಟಿಕೊಳ್ಳುತ್ತದೆ, ತಪ್ಪು ಅಲ್ಲಿಯದು ಎಂದು ತೋರಿಸಿಕೊಟ್ಟರು. ಆಕೆ ಕಣ್ಣೊರೆಸಿಕೊಂಡು, “ಸಾರ್, ನಂಗಂತೂ ಏನೂ ಕೇಳಿಸ್ಲೇ ಇಲ್ಲ,” ಎಂದಾಗ ಅವರು ನಕ್ಕು, “ನಿಮಗ ಕೇಳೂದಿಲ್ಲ ತಂಗಿ, ನೀವು ಟಿಫಿನ್ ಮಾಡಿಲ್ಲ. ಹಸಿದ ಕಿವಿಗೆ ಹೊಟ್ಟಿ ಸದ್ದಾ ಜಾಸ್ತಿ,” ಎಂದು ತಮ್ಮ ಡಬ್ಬಿಯ ರೊಟ್ಟಿಯನ್ನು ಮುಂದಿಟ್ಟರು.

ಹಾಡು ಮುಗಿಯುವ ಆರು ಸೆಕೆಂಡಿಗೆ ಮೊದಲೇ ಮುಂದಿನ ಹಾಡು ಅದರ ಕೆಳಗೆ ಮೆಲ್ಲನೆ ಏಳಬೇಕು, ಹಳೆಯದು ಮೆಲ್ಲನೆ ಇಳಿಯಬೇಕು ಎಂಬ ಅಳತೆ ಗೊತ್ತುಮಾಡಿದವರೂ ಅವರೇ. ಹಳ್ಳಿಯ ಭಜನೆಯ ಲೆಕ್ಕ ಅದು. ಸಿನಿಮಾ ಹಾಡುಗಳ ಮೇಲೆ, ಕುಣಿತದ ಹಾಡುಗಳ ಮೇಲೆ ಪರೀಕ್ಷೆಯಾಯಿತು. ಅವುಗಳ ಕೊನೆ ಹೇಗೂ ತಾನಾಗಿ ಕರಗುವಂಥದು. ಬೆಸುಗೆ ಬೆಣ್ಣೆಯಂತೆ ಕೂತಿತು. ಎಲ್ಲರೂ ಹೊಗಳಿದರು.

ದೀಪಾವಳಿಗೆ ಕಂಪನಿ ಕೊಟ್ಟ ಸ್ಪೀಕರನ್ನು ಅವರು ಹಾಸಿಗೆ ಹಿಡಿದಿದ್ದ ತಾಯಿ ಮಲಕವ್ವನವರ ತಲೆದೆಸೆಯಲ್ಲಿಟ್ಟರು. ಅವ್ವನ ಸೀಮೆಯ ಹಾಡುಗಾರರು ಹಾಡಿದ ವಚನ, ತತ್ವಪದಗಳು ಸಿಕ್ಕಿದ್ದು ಅದೊಂದರಲ್ಲೇ. ಅಂಥ ಹಾಡುಗಳಲ್ಲಿ ಇಷ್ಟದೈವದ ಹೆಸರು, ಅಂದರೆ ಅಂಕಿತ, ಬರುವುದು ಕಟ್ಟಕಡೆಯ ಸಾಲಿನಲ್ಲಿ. ಅದೂ ತುಂಬು ಕಂಠದಲ್ಲಿ. ಬೆಳಗಿನ ಪೂಜೆಯಲ್ಲಿ ಮಲಕವ್ವ ಅಂಗೈಯ ಲಿಂಗವನ್ನು ಎದೆಯ ಮಟ್ಟಕ್ಕೆ ತಂದು ಕಾಯುವರು. ಅಂಕಿತ ಬಂದೊಡನೆ ಕಣ್ಣಿಗೊತ್ತಿಕೊಳ್ಳುವರು. ಎಂಬತ್ತು ವರ್ಷದ ರೂಢಿ.

ಮೂರನೆಯ ದಿನ ಅವರು ಮಗನನ್ನು ಕರೆದರು. “ಯಪ್ಪಾ, ನಿನ್ನ ಡಬ್ಬಿಗೆ ದೇವ್ರ ಹೆಸ್ರು ಅಂದ್ರ ಆಗಂಗಿಲ್ಲೇನು? ಅಲ್ಲೀತನಾ ಚಲೋ ಹಾಡ್ತೈತಿ. ಹೆಸ್ರು ಬರೋ ಹೊತ್ತಿಗೆ ಮತ್ತೊಬ್ಬಾಂವ ಬಂದು ಬಾಯಿ ಮುಚ್ಚಿಸ್ತಾನು.”

“ಅವ್ವಾ, ಹಾಡಿಗೆ ಹಾಡು ಕೂಡಲಿ ಅಂತ ನಾನಾ ಹಂಗ ಮಾಡೇನಿ.”

“ನೀನಾ ಮಾಡೀಯಾ?” ಮಲಕವ್ವ ಮಗನ ಮುಖ ನೋಡಿದರು. “ಹಂಗಾರ ನಿಮ್ಮಪ್ಪ ನಿನಗ ತಾಳ ಹಿಡಿಯೋದಷ್ಟಾ ಕಲಿಸ್ಯಾನು. ಕಾಯೋದು ಕಲಿಸಿಲ್ಲ ಬಿಡು.”

ಆಗ ಅವರಿಗೆ ನೆನಪಾಯಿತು. ಭಜನೆಯಲ್ಲಿ ಬಂದ ಮೇಳ ಕೂಡಿಸುತ್ತಿದ್ದುದು ತಾಳವನ್ನು ಮಾತ್ರ. ಹಳೆಯ ಮೇಳ ಅಂಕಿತ ಹೇಳಿ ಮುಗಿಸುವವರೆಗೆ ಹೊಸಬರು ಬಾಯಿ ತೆರೆಯುತ್ತಿರಲಿಲ್ಲ. ಯಂತ್ರಕ್ಕೆ ಅವರು ಅರ್ಧ ಪಾಠವನ್ನಷ್ಟೇ ಹೇಳಿಕೊಟ್ಟಿದ್ದರು.

ಅಂದೇ ಅವ್ವನ ಸ್ಪೀಕರಿನಲ್ಲಿ ಬೆಸುಗೆಯ ಸ್ವಿಚ್ಚನ್ನು ಆರಿಸಿದರು. ತಿಂಗಳೊಪ್ಪತ್ತಿಗೊಮ್ಮೆ ಪ್ರೋಗ್ರಾಮಿನ ಹೊಸ ಆವೃತ್ತಿ ತಾನಾಗಿ ಬಂದು ಕೂರುವುದು, ಸ್ವಿಚ್ಚು ಮತ್ತೆ ಹೊತ್ತಿಕೊಳ್ಳುವುದು, ಅವರು ಮತ್ತೆ ಆರಿಸುವುದು ನಡೆಯಿತು. ಕೊನೆಗೊಂದು ಆವೃತ್ತಿಯಲ್ಲಿ ಸ್ವಿಚ್ಚೇ ಇರಲಿಲ್ಲ.

ಅವ್ವ ಇರುವಷ್ಟರಲ್ಲಿ ಆ ಸಾಲನ್ನು ಹಿಂದಕ್ಕೆ ತರಬೇಕು ಎಂಬುದೊಂದೇ ಆಮೇಲಿನ ಎರಡೂವರೆ ವರ್ಷ ಅವರಿಗಿದ್ದ ಆಸೆ. ದನಿ ಇಳಿಯದೆ ಮುಗಿಯುವ ಹಾಡುಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಿ ಎಂದು ನಾಲ್ಕು ಸಲ ಬರೆದುಕೊಟ್ಟರು. ನಾಲ್ಕು ಸಲವೂ ‘ಇದು ದೋಷವಲ್ಲ, ಹೀಗೇ ಇರಬೇಕೆಂದು ಮಾಡಿದ್ದು’ ಎಂಬ ಷರಾ ಬಿತ್ತು. ಅವರ ವಿಭಾಗದ ಮುಖ್ಯಸ್ಥ ನರೇಶ್ ಅವರು ಕೆಟ್ಟವರಲ್ಲ, ಲೆಕ್ಕ ಬಲ್ಲವರು. “ಹಾಡು ಮುಗಿದು ಎರಡು ಸೆಕೆಂಡ್ ಸೈಲೆಂಟ್ ಆದ್ರೆ ಜನ ಆ್ಯಪ್ ಮುಚ್ಚಿಬಿಡ್ತಾರೆ ಸಾರ್. ಆ ಸ್ವಿಚ್ ಬಳಸ್ತಿದ್ದೋರು ಬೆರಳೆಣಿಕೆ. ಆರು ಸೆಕೆಂಡ್ ಅಂತ ಹೇಳಿದ್ದೇ ನೀವಲ್ವಾ?” ಎಂದು ಕೇಳಿದರು.

ಪಂಚಾಕ್ಷರಿಯವರು ಇನ್ನೇನು ಮಾಡಿಯಾರು? ದಿನಾ ಬೆಳಿಗ್ಗೆ ತಾಯಿಯ ಪಕ್ಕದಲ್ಲಿ ಕುಳಿತು, ಯಂತ್ರ ನುಂಗಿದ ಅಂಕಿತವನ್ನು ತಾವೇ ಗಟ್ಟಿಯಾಗಿ ಹೇಳತೊಡಗಿದರು. ಮುದುಕಿಯ ಕೈ ಕಣ್ಣಿಗೇರುತ್ತಿತ್ತು. ಆಮೇಲೆ ಎರಡು ಬಸ್ಸು ಹತ್ತಿ ದೊಡ್ಡನೆಕ್ಕುಂದಿಗೆ ಬಂದು, ಅದೇ ಬೆಸುಗೆಯನ್ನು ಇನ್ನಷ್ಟು ನುಣುಪು ಮಾಡುವ ಕೆಲಸಕ್ಕೆ ಕೂರುತ್ತಿದ್ದರು.

ಕಾರ್ತಿಕದ ಒಂದು ಬುಧವಾರ ಹೊಸ ಆವೃತ್ತಿ ಬಿಡುಗಡೆಯಾಗಬೇಕಿತ್ತು. ಪೂಜೆಗೆ ಮೊದಲೇ ಹೊರಟುಬಂದರು. ಬಸ್ಸು ಹೆಬ್ಬಾಳ ದಾಟುವಾಗ ಪತ್ನಿ ಶಶಿಕಲಾ ಅವರ ಫೋನು ಬಂತು. ಮನೆಗೆ ಮರಳಿದಾಗ ಶಶಿಕಲಾ ಅವರು ಹೇಳಿದ್ದು ಇಷ್ಟೇ: “ಡಬ್ಬಿ ಹಾಡಾಕತ್ತಿತ್ತು. ಕೈ ಎದಿಮಟ ಬಂದಿತ್ತು ನೋಡ್ರಿ. ಕಣ್ಣಿಗೆ ಮುಟ್ಟಿರಲಿಲ್ಲ.”

ಸಾವು ಯಾವ ಹೊತ್ತಿಗೂ ಬರಬಹುದಿತ್ತು, ಶಿವನ ಲೆಕ್ಕದಲ್ಲಿ ಅರ್ಧಕ್ಕೆ ನಿಂತ ಕೈಯೂ ಪೂರ್ತಿಯೇ ಎಂದು ನಾವೆಲ್ಲ ಸಮಾಧಾನ ಹೇಳಿದೆವು. ಅವರು ತಲೆಯಾಡಿಸಿದರು. ಸಮಾಧಾನವಾಗಲಿಲ್ಲ. ಅಂದಿನಿಂದ ಶ್ರಾವಣದ ಭಜನೆಗೆ ಊರಿಗೆ ಹೋದರೂ ಅವರು ತಾಳ ಹಿಡಿದಿಲ್ಲ. ಈ ಅಭಿನಂದನ ಗ್ರಂಥದಲ್ಲಿ ಇದನ್ನೆಲ್ಲ ಬರೆಯಬಹುದೇ ಎಂದು ಸಂಕೋಚದಿಂದ ಕೇಳಿದಾಗ, “ಬಿಟ್ಟರ ಅದನ್ನೂ ನುಂಗಿದಂಗ ಆಗತೈತಿ. ಬರೀರಿ,” ಎಂದರು.

ಕಳೆದ ಜೂನಿನಲ್ಲಿ ಬೀಳ್ಕೊಡುಗೆ. ಪ್ರಾರ್ಥನೆಗೆಂದು ಅವರಿಗಿಷ್ಟವಾದ ತತ್ವಪದವೊಂದನ್ನು ಕಂಪನಿಯ ಸ್ಪೀಕರಿನಲ್ಲೇ ಹಾಕಲಾಯಿತು. ಎಲ್ಲರೂ ಎದ್ದು ನಿಂತೆವು. ಕೊನೆಯ ಸಾಲು ಏಳುವ ಹೊತ್ತಿಗೆ ಅದರ ಕೆಳಗಿಂದ ಸ್ವಾಗತದ ವಾದ್ಯ ಮೆಲ್ಲಗೆ ಉಬ್ಬಿ ಬಂದು ಸಾಲನ್ನು ಮುಚ್ಚಿತು. ಜನ ಚಪ್ಪಾಳೆ ತಟ್ಟಿದರು. ನರೇಶ್ ಅವರು ಮೈಕು ಹಿಡಿದು ಪ್ರೀತಿಯಿಂದಲೇ ಅಂದರು: “ನೋಡಿ, ಇದು ಸಾರ್ ಕೆಲಸ. ಹಾಡು ಮುಗಿದದ್ದೇ ಗೊತ್ತಾಗಲ್ಲ!” ಪಕ್ಕದಲ್ಲಿದ್ದ ಶಾಂಭವಿ ಮಾತ್ರ ಕಂಡಳು: ಪಂಚಾಕ್ಷರಿಯವರ ಬಲಗೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತ್ತು. ಚಪ್ಪಾಳೆ ಅಡಗಿ ಅಂಕಿತ ಕೇಳಿಸಲೆಂದು ಅದು ಕಾದಿತ್ತು. ಚಪ್ಪಾಳೆ ಅಡಗಲಿಲ್ಲ. ಆಕೆ ಅವರ ಕಡೆ ಬಾಗಿ, ತನಗೆ ಅರೆಬರೆ ತಿಳಿದಿದ್ದ ಆ ಅಂಕಿತವನ್ನು ಪಿಸುದನಿಯಲ್ಲಿ ಹೇಳಿದಳು. ಆ ಕೈ ಕಣ್ಣಿಗೇರಿತೆಂದು ಬರೆಯಲು ನಮಗೂ ಆಸೆ. ಏರಲಿಲ್ಲ. “ಇರಲಿ ತಂಗಿ. ಕೇಳಬೇಕಾದಾಕಿ ಹೋದಳು,” ಎಂದು ಕೈ ಇಳಿಸಿಕೊಂಡರು.

ಇಂಥವರಿಗೆ ನೂರು ವರ್ಷ ಬಾಳಿ ಎನ್ನಲು ನಾಲಗೆ ಹಿಂಜರಿಯುತ್ತದೆ, ಆದರೂ ಬಾಳಲಿ. ಜಗಲಿಯ ರೇಡಿಯೋ ಕೆಲಸ ಮತ್ತೆ ಹಿಡಿದಿದ್ದಾರೆಂದು ಕೇಳಿದ್ದೇವೆ, ಅದು ನಡೆಯಲಿ. ಎಂದೋ ಒಂದು ದಿನ, ಬಹಳ ದೂರದ ಒಂದು ದಿನ, ಅವರ ಬಾಳಿನ ಹಾಡು ಕಡೆಯ ಸಾಲಿಗೆ ಬಂದಾಗ, ಪಕ್ಕದಲ್ಲಿ ಕೂತವರು ಯಾರೇ ಆಗಿರಲಿ, ಅದು ಮುಗಿಯುವ ತನಕ ಬಾಯಿ ತೆರೆಯದಿರಲಿ.