ಇಬ್ಬನಿಯ ಕಡಿತ

ಉಪದೇಶಿಗಳ ಕೊರಳು ಎಷ್ಟು ತೆಳ್ಳಗಿತ್ತೆಂದರೆ, ಅಂಗಿಯ ಮೇಲಿನ ಗುಂಡಿ ಹಾಕಿದರೂ ಕಾಲರಿನೊಳಗೆ ಇನ್ನೊಂದು ಕೊರಳಿಗೆ ಜಾಗ ಉಳಿಯುತ್ತಿತ್ತು. ದನಿಯೂ ಅಷ್ಟೇ ಸಣ್ಣದು. ಅವರು ಬೈಬಲ್ ತೆರೆದು ಪ್ರಸಂಗಕ್ಕೆ ನಿಂತರೆ ಮುಂದಿನ ಬೆಂಚಿನವರೂ ಕಿವಿ ಚಾಚಬೇಕಿತ್ತು. ಹಡಗಲಿಯ ನಮ್ಮ ಪುಟ್ಟ ಚರ್ಚಿನಲ್ಲಿ ಹಾರ್ಮೋನಿಯಂ ನನ್ನದು. ಭಾನುವಾರ ಸ್ವರ ತಪ್ಪೀತೆಂದು ಶುಕ್ರವಾರದಿಂದಲೇ ಅದೇ ಹಾಡನ್ನು ಹತ್ತು ಸಲ ಬಾರಿಸಿ ನೋಡುವ ಜಾಯಮಾನವೂ ನನ್ನದೇ.

ಸಭೆಯ ಹಿರಿಯರು ಮಲ್ಲಿಗೆಯ ಸಾಹುಕಾರರು. ಅವರ ತೋಟದಲ್ಲಿ ಮೊಗ್ಗು ಬಿಡಿಸುವ ಹೆಂಗಸರಿಗೆ ತೂಕದ ಮೇಲೆ ಕೂಲಿ. ಮೊಗ್ಗಿಗೆ ಇಬ್ಬನಿ ಹತ್ತಿರುತ್ತದೆಂದು ಪ್ರತಿ ಬುಟ್ಟಿಯಿಂದ ಒಂದು ಬೊಗಸೆ ಎತ್ತಿ ಬದಿಗಿಟ್ಟೇ ತೂಗುವುದು ರೂಢಿ. ಇಬ್ಬನಿಯ ಹೆಸರೇ ಇಲ್ಲದ ಬೇಸಿಗೆಯಲ್ಲೂ ಆ ಬೊಗಸೆ ತಪ್ಪುತ್ತಿರಲಿಲ್ಲ. ಭಾನುವಾರ ಅದೇ ಹೂವು ಮಾಲೆಯಾಗಿ, ಸಾಹುಕಾರರ ಕಾಣಿಕೆಯೆಂದು ವೇದಿಕೆಗೆ ಬರುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಎಂಥ ಘಮ ಅನ್ನುತ್ತಿದ್ದೆವು. ಉಪದೇಶಿಗಳು ಮಾತ್ರ, “ದೇವರಿಗೆ ಮೂಗಿಗಿಂತ ಕಿವಿ ಚುರುಕಪಾ” ಅನ್ನುತ್ತಿದ್ದರು.

ಒಂದು ಬೇಸಿಗೆಯ ಭಾನುವಾರ ಅವರು ಆಮೋಸನ ಮಾತು ತೆಗೆದರು. ಬೈಬಲಿನ ಆ ಪ್ರವಾದಿ ನಮ್ಮ ಕಡೆಯವರ ಹಾಗೆ ಕುರಿ ಕಾಯುವವನಂತೆ. ಉಳ್ಳವರು ಸುಳ್ಳು ತೂಕದಲ್ಲಿ ಬಡವರನ್ನು ಹಿಂಡಿ, ಅದೇ ಕೈಯಿಂದ ಹಬ್ಬ ಮಾಡುವುದನ್ನು ಕಂಡನಂತೆ. ನಿಮ್ಮ ಹಬ್ಬವೂ ಹಾಡೂ ದೇವರಿಗೆ ಹೇಸಿಗೆಯಾಗಿವೆ ಎಂದು ಎಚ್ಚರಿಸಿದನಂತೆ. ಸಾಹುಕಾರರು ಗಡಿಯಾರ ನೋಡಿ, ಹಾಡು ಶುರು ಮಾಡೆಂದು ನನಗೆ ಸನ್ನೆ ಮಾಡಿದರು. ಮಾಡಿದೆ. ಜನ ಎದ್ದು ಹಾಡಿದರು.

ಉಪದೇಶಿಗಳು ಮಾಲೆಯನ್ನೆತ್ತಿ, ಬಾಗಿಲ ಬಳಿ ಚಾಪೆಯ ಮೇಲಿದ್ದ ಹೂವಿನ ಹೆಂಗಸರ ಮುಂದೆ ಇಟ್ಟರು. ನನ್ನತ್ತ ತಿರುಗಿ, “ಹಾಡು ನಿಲ್ಸಪಾ. ಇವು ಇವರ ಹೂ” ಅಂದರು.

ಸಾಹುಕಾರರು ನನ್ನನ್ನು ದುರುಗುಟ್ಟಿ ನೋಡಿದರು. ತಿದಿ ಒತ್ತುತ್ತಿದ್ದ ಎಡಗೈ ಹೆದರಿ ಸೋತುಹೋಯಿತು. ಹಾರ್ಮೋನಿಯಂ ಮುದಿ ಎಮ್ಮೆಯಂತೆ ನರಳಿ ನಿಂತಿತು. ಹಾಡೂ ನಿಂತಿತು.

ಚಾಪೆಯ ಮೇಲಿದ್ದ ಮುದುಕಿಯೊಬ್ಬಳು ಮಾಲೆಯನ್ನು ಅತ್ತ ಸರಿಸಿ, “ಇದನ್ನ ತಗಂಡು ಏನ್ ಮಾಡೂನ್ರಿ, ಉಪದೇಶಿಗಳ? ಬೊಗಸಿ ಎತ್ತೂದು ಬಿಡಿಸ್ರಿ” ಅಂದಳು.

ನಾಚಿಕೆಗೋ ಸಿಟ್ಟಿಗೋ, ಸಾಹುಕಾರರು ಬೊಗಸೆ ಎತ್ತುವುದನ್ನು ಬಿಟ್ಟರು. ಉಪದೇಶಿಗಳನ್ನೂ ಕೆಲಸದಿಂದ ಬಿಡಿಸಿದರು. ಚರ್ಚಿನ ಕಮಿಟಿಯವರೆಲ್ಲ ಸಹಿ ಹಾಕಿದರು. ಉಪದೇಶಿಗಳು ತೆಲಿಗಿ ಹತ್ತಿರದ ತಮ್ಮ ಊರಿಗೆ ಹೊರಟಾಗ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದವನು ನಾನು. ನನ್ನ ಕೈ ಹಿಡಿದು, “ಅಷ್ಟು ಮಂದ್ಯಾಗ ನೀನೊಬ್ಬ ಧೈರ್ಯ ಮಾಡಿದಿ, ತಮ್ಮಾ” ಅಂದರು. ಧೈರ್ಯವಲ್ಲ, ಹೆದರಿ ಕೈ ಸೋತಿತ್ತು ಅನ್ನಬೇಕಿತ್ತು. ಬಸ್ಸು ತಪ್ಪೀತೆಂದು ಅವಸರ ಮಾಡಿದೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮಗಳು ನನ್ನನ್ನು ನೆಂಟರಿಗೆಲ್ಲ ತೋರಿಸಿದಳು. “ಅಪ್ಪ ಹೇಳ್ತಿದ್ರಲ್ಲ, ಹಾಡು ನಿಲ್ಸಿದವ್ರು, ಇವ್ರ ನೋಡ್ರಿ.” ಎರಡು ಮಾತಾಡಿ ಅಂದರು. ಉಪದೇಶಿಗಳು ಧೈರ್ಯವಂತರು ಅಂದೆ. ಜನ ನನ್ನನ್ನೇ ಮೆಚ್ಚಿ ನೋಡಿದರು. ಸತ್ತವರ ಮಾತನ್ನು ಸುಳ್ಳು ಮಾಡಬಾರದೆಂದು ಸುಮ್ಮನಾದೆ, ಒಳ್ಳೆಯ ನೆವ.

ಊಟಕ್ಕೆ ನನ್ನನ್ನೇ ಮೊದಲು ಕರೆದರು. ಹೋಗಿ ಕೂತೆ.